ಹಳೆಯ ಯುದ್ಧವಿಮಾನಗಳು ಊರು ಬದಲಿಸಿದಾಗ

ಟೆಕ್ಸಸ್‌ನ ಮಿಡ್‌ಲ್ಯಾಂಡ್‌ನಿಂದ ಡಲ್ಲಾಸ್‌ಗೆ ಆಕಾಶಮಾರ್ಗದಲ್ಲಿ ಸುಮಾರು 300 ಮೈಲಿ. ಗಂಟೆಗೆ 150–160 ಮೈಲಿ ವೇಗದ ಬಿ-17 ಬಾಂಬರ್‌ಗೆ ಇದು ಎರಡು ಗಂಟೆಯ ದಾರಿ. ನಾಲ್ಕು ಎಂಜಿನ್ ಸೇರಿ ಗಂಟೆಗೆ ಸುಮಾರು 200 ಗ್ಯಾಲನ್ ಪೆಟ್ರೋಲ್ ಕುಡಿಯುತ್ತವೆ. ಒಟ್ಟು 400 ಗ್ಯಾಲನ್, ನಮ್ಮ ಅಳತೆಯಲ್ಲಿ 1,500 ಲೀಟರ್. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಊಟದ ಹೊತ್ತಿಗೆ ವಿಮಾನ ಹೊಸ ಹ್ಯಾಂಗರಿನ, ಅಂದರೆ ವಿಮಾನ ಇಡುವ ದೊಡ್ಡ ಕಟ್ಟಡದ ಮುಂದೆ ನಿಂತಿರುತ್ತದೆ. ಆದರೆ ಅದರ 36 ಸಿಲಿಂಡರುಗಳಲ್ಲಿ ಯಾವುದು ಚಳಿಯಲ್ಲಿ ಹಟ ಹಿಡಿಯುತ್ತದೆ, ಯಾವ ಆಯಿಲ್ ಪೈಪಿನ ಜೋಡಣೆಯನ್ನು ಎಷ್ಟು ಬಿಗಿದರೆ ಸೋರುವುದು ನಿಲ್ಲುತ್ತದೆ ಎಂದು ಬಲ್ಲ ಮನುಷ್ಯ ಅಷ್ಟು ಸುಲಭವಾಗಿ ಹೊರಡಲಾರ. ಅವನಿಗೆ ಎಪ್ಪತ್ತು ದಾಟಿದೆ, ಮನೆ ಅಲ್ಲಿದೆ, ಮೊಮ್ಮಕ್ಕಳ ಶಾಲೆ ಅಲ್ಲಿದೆ. ವಿಮಾನ ಹೋಗುತ್ತದೆ, ಪಳಗಿದ ಕೈ ಹಿಂದೆ ಉಳಿಯುತ್ತದೆ. ಹಳೆಯ ಯುದ್ಧವಿಮಾನಗಳನ್ನು ಹಾರಿಸುವ ಸಂಸ್ಥೆಯ ಮುಖ್ಯ ಕಚೇರಿಯನ್ನು ಊರಿಂದೂರಿಗೆ ಒಯ್ಯಲು ಕೂತವರು ಮೊದಲು ಲೆಕ್ಕ ಹಾಕಬೇಕಾದದ್ದು ಇದನ್ನೇ. ಬಹಳ ಕಡೆ ಇದನ್ನು ಕೊನೆಗೆ ಲೆಕ್ಕ ಹಾಕುತ್ತಾರೆ.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಕಮೆಮೊರೇಟಿವ್ ಏರ್ ಫೋರ್ಸ್ ಬಗ್ಗೆ. ಹೆಸರಿನಲ್ಲಿ ಏರ್ ಫೋರ್ಸ್ ಎಂದಿದ್ದರೂ ಇದು ಸರ್ಕಾರದ್ದಲ್ಲ. ಎರಡನೇ ಮಹಾಯುದ್ಧದ ವಿಮಾನಗಳನ್ನು ಹಾರುವ ಸ್ಥಿತಿಯಲ್ಲೇ ಉಳಿಸಿಕೊಳ್ಳಲು ಕಟ್ಟಿದ, ಸದಸ್ಯರ ಹಣ ಮತ್ತು ದುಡಿಮೆಯಿಂದ ನಡೆಯುವ ಸಂಸ್ಥೆ. 1957ರಲ್ಲಿ ಲಾಯ್ಡ್ ನೋಲೆನ್ ಮತ್ತು ನಾಲ್ವರು ಗೆಳೆಯರು ಸೇರಿ ಒಂದು ಪಿ-51 ಮಸ್ಟ್ಯಾಂಗ್ ಫೈಟರ್ ವಿಮಾನ ಕೊಂಡಲ್ಲಿಂದ ಕಥೆ ಶುರು. 1961ರಲ್ಲಿ ಲಾಭರಹಿತ ಸಂಸ್ಥೆಯಾಗಿ ನೋಂದಣಿಯಾಯಿತು. ಮೊದಲಿನ ಹೆಸರು ಕಾನ್ಫೆಡರೇಟ್ ಏರ್ ಫೋರ್ಸ್. ಈಗಿನ ಹೆಸರು ಬಂದದ್ದು 2002ರಲ್ಲಿ. ಇಂದು ಅದರ ಬಳಿ 170ಕ್ಕೂ ಹೆಚ್ಚು ವಿಮಾನಗಳಿವೆ.

ಮುಖ್ಯ ಕಚೇರಿ ಮೂರು ಸಲ ಗಂಟುಮೂಟೆ ಕಟ್ಟಿದೆ. ಮೊದಲ ನೆಲೆ ಟೆಕ್ಸಸ್‌ನ ದಕ್ಷಿಣ ತುದಿಯ ಮರ್ಸಿಡೀಸ್ ಎಂಬ ಪುಟ್ಟ ಊರು. 1968ರಲ್ಲಿ ಅಲ್ಲೇ ಹತ್ತಿರದ ಹಾರ್ಲಿಂಗನ್‌ಗೆ ಬಂತು. 1962ರಲ್ಲಿ ಮುಚ್ಚಿದ ವಾಯುನೆಲೆಯ ಕಟ್ಟಡಗಳು ಅಲ್ಲಿ ಖಾಲಿ ಇದ್ದವು. 1991ರಲ್ಲಿ ಪಶ್ಚಿಮ ಟೆಕ್ಸಸ್‌ನ ಮಿಡ್‌ಲ್ಯಾಂಡ್‌ಗೆ. 2014ರಲ್ಲಿ ಡಲ್ಲಾಸ್ ಎಕ್ಸಿಕ್ಯುಟಿವ್ ವಿಮಾನ ನಿಲ್ದಾಣವನ್ನು ಆರಿಸಿಕೊಂಡದ್ದಾಗಿ ಪ್ರಕಟಿಸಿ, ಮುಂದಿನ ವರ್ಷ ಅಲ್ಲಿಗೆ ಬಂತು.

ಊರು ಬಿಡುವ ಕಾರಣ ಪ್ರತಿ ಸಲವೂ ಬೇರೆ. ಹಾರ್ಲಿಂಗನ್ ಮೆಕ್ಸಿಕೋ ಕೊಲ್ಲಿಗೆ ಹತ್ತಿರ, ಗಾಳಿಯಲ್ಲಿ ಉಪ್ಪು ಮತ್ತು ತೇವ. ಆ ಕಾಲದ ವಿಮಾನದ ಅಲ್ಯೂಮಿನಿಯಂ ಹೊದಿಕೆಯ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಲೇಪವಿರುತ್ತದೆ, ಅದು ಒಳಗಿನ ಗಟ್ಟಿ ಮಿಶ್ರಲೋಹವನ್ನು ಕಾಯುತ್ತದೆ. ಆದರೆ ಹಾಳೆ ಕತ್ತರಿಸಿದ ಅಂಚಿನಲ್ಲಿ, ರಿವೆಟ್ ತೂತಿನಲ್ಲಿ ಆ ಕಾವಲು ಇಲ್ಲ. ಉಪ್ಪುನೀರು ಅಲ್ಲಿಂದ ಒಳಗೆ ಇಳಿಯುತ್ತದೆ. ರೆಕ್ಕೆಯ ಬೆನ್ನೆಲುಬಾದ ದಪ್ಪ ಸ್ಪಾರ್‌ಗಳಲ್ಲಿ ಲೋಹ ಪದರ ಪದರವಾಗಿ ಏಳುತ್ತದೆ, ನೀರು ಬಿದ್ದ ಪುಸ್ತಕದ ಹಾಳೆಗಳು ಉಬ್ಬಿದಂತೆ. ಹೊರಗಿನ ಬಣ್ಣ ಚೆನ್ನಾಗಿ ಹೊಳೆಯುತ್ತಿದ್ದರೂ ಒಳಗೆ ಹೀಗಾಗಿರಬಹುದು. ಜೊತೆಗೆ ಚಂಡಮಾರುತದ ಭಯ. ಅದೇ ಕರಾವಳಿಯ ಗ್ಯಾಲ್ವೆಸ್ಟನ್‌ನಲ್ಲಿದ್ದ ಲೋನ್ ಸ್ಟಾರ್ ಫ್ಲೈಟ್ ಮ್ಯೂಸಿಯಂಗೆ 2008ರ ಸೆಪ್ಟೆಂಬರ್‌ನಲ್ಲಿ ಐಕ್ ಚಂಡಮಾರುತದ ಸಮುದ್ರದ ನೀರು ನುಗ್ಗಿತು. ಹಾರುವ ಸ್ಥಿತಿಯಲ್ಲಿದ್ದ ಕೆಲವನ್ನು ಮುಂಚೆಯೇ ಹೊರಗೆ ಹಾರಿಸಿದ್ದರು. ಬಿಚ್ಚಿಟ್ಟಿದ್ದವು, ಎಂಜಿನ್ ಇಲ್ಲದವು ನಿಂತಲ್ಲೇ ಮುಳುಗಿದವು. ಆ ಸಂಗ್ರಹಾಲಯ ಕೊನೆಗೆ ಕರಾವಳಿ ಬಿಟ್ಟು ಹ್ಯೂಸ್ಟನ್‌ನ ಎಲಿಂಗ್ಟನ್ ನಿಲ್ದಾಣದಲ್ಲಿ ಹೊಸ ಕಟ್ಟಡ ಕಟ್ಟಿಕೊಂಡು 2017ರಲ್ಲಿ ಬಾಗಿಲು ತೆರೆಯಿತು.

ಮಿಡ್‌ಲ್ಯಾಂಡ್‌ನ ಗಾಳಿ ಒಣ. ಲೋಹಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಆದರೆ ಬಿಸಿಲು ಬಟ್ಟೆ, ರಬ್ಬರ್ ಮತ್ತು ಪಾರದರ್ಶಕ ಪ್ಲಾಸ್ಟಿಕ್‌ಗೆ ಶತ್ರು. ಬಿ-17, ಬಿ-29ರಂಥ ದೈತ್ಯಗಳಲ್ಲೂ ಬಾಲದ ಚುಕ್ಕಾಣಿ, ರೆಕ್ಕೆಯ ಅಂಚಿನ ಏಲೆರಾನ್‌ಗಳಿಗೆ ಹೊದಿಸಿರುವುದು ಬಟ್ಟೆ, ಲೋಹವಲ್ಲ. ಡಲ್ಲಾಸ್‌ನಲ್ಲಿ ಈ ಎರಡೂ ತೊಂದರೆ ಕಡಿಮೆ, ಅದರ ಬದಲು ಆಲಿಕಲ್ಲು. ವಸಂತದಲ್ಲಿ ಉತ್ತರ ಟೆಕ್ಸಸ್‌ನಲ್ಲಿ ಬೀಳುವ ಆಲಿಕಲ್ಲು ಬಟ್ಟೆಯನ್ನು ಹರಿದು, ತೆಳು ಅಲ್ಯೂಮಿನಿಯಂ ಮೇಲೆ ನೂರಾರು ಗುಳಿ ಮಾಡುತ್ತದೆ. ಹೀಗಾಗಿ ಮಿಡ್‌ಲ್ಯಾಂಡ್‌ನಲ್ಲಿ ಕೆಲವು ದಿನ ಹೊರಗೆ ನಿಲ್ಲಿಸಬಹುದಾಗಿದ್ದ ವಿಮಾನವನ್ನು ಡಲ್ಲಾಸ್‌ನಲ್ಲಿ ಒಂದು ರಾತ್ರಿಯೂ ಹೊರಗೆ ಬಿಡಲು ಧೈರ್ಯ ಸಾಲದು. ಮಿಡ್‌ಲ್ಯಾಂಡ್ ಬಿಟ್ಟದ್ದು ಹವೆಗಾಗಿ ಅಲ್ಲ, ಜನಕ್ಕಾಗಿ. ಅದು ತೈಲದ ಊರು; ಹಣವಿದೆ, ಆದರೆ ದೇಶದ ಬೇರೆ ಕಡೆಯಿಂದ ಹೋಗಿಬರುವುದು ದೂರ. ಡಲ್ಲಾಸ್–ಫೋರ್ಟ್‌ವರ್ತ್ ಸುತ್ತ 60 ಲಕ್ಷಕ್ಕೂ ಹೆಚ್ಚು ಜನ. ಟಿಕೆಟ್, ದಾನಿಗಳು, ಶಾಲಾ ಮಕ್ಕಳು, ಹೊಸ ಸ್ವಯಂಸೇವಕರು ಎಲ್ಲರೂ ಒಂದು ಗಂಟೆಯ ದಾರಿಯೊಳಗೆ.

ಮೊದಲು ಬಾಗಿಲು ಅಳೆಯಿರಿ

ಹೊಸ ಊರಿನವರು ನಕ್ಷೆ ತೋರಿಸುವಾಗ ಹ್ಯಾಂಗರ್ ಎಷ್ಟು ಚದರಡಿ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಮೊದಲು ಕೇಳಬೇಕಾದದ್ದು ಬಾಗಿಲಿನ ಅಗಲ ಮತ್ತು ಎತ್ತರ. ಬಿ-29ರ ರೆಕ್ಕೆಯ ತುದಿಯಿಂದ ತುದಿಗೆ 141 ಅಡಿ 3 ಇಂಚು, ಬಿ-24ಕ್ಕೆ 110 ಅಡಿ, ಬಿ-17ಕ್ಕೆ 103 ಅಡಿ 9 ಇಂಚು, ಸಿ-47 ಡಕೋಟಾಕ್ಕೆ 95 ಅಡಿ ಚಿಲ್ಲರೆ. ಎರಡೂ ಬದಿಗೆ ಕನಿಷ್ಠ ಐದೈದು ಅಡಿ ಬಿಡುವು ಇಲ್ಲದಿದ್ದರೆ ಪ್ರತಿ ಸಲ ಒಳಗೆ ತಳ್ಳುವಾಗಲೂ ಅಪಾಯ. ಎರಡೂ ರೆಕ್ಕೆತುದಿಗೆ ಒಬ್ಬೊಬ್ಬರು, ಬಾಲಕ್ಕೆ ಒಬ್ಬರು ಸೀಟಿ ಹಿಡಿದು ನಿಲ್ಲಬೇಕು. ಟ್ರ್ಯಾಕ್ಟರ್ ಓಡಿಸುವವನು ಸೀಟಿ ಕೇಳಿದ ಕೂಡಲೇ ನಿಲ್ಲಿಸಬೇಕು, ಏಕೆ ಎಂದು ಕೇಳುವುದು ಆಮೇಲೆ.

ಎತ್ತರದಲ್ಲಿ ಒಂದು ಸೂಕ್ಷ್ಮವಿದೆ. ಬಿ-29ರ ಬಾಲದ ಎತ್ತರ ಪುಸ್ತಕದ ಪ್ರಕಾರ 27 ಅಡಿ 9 ಇಂಚು. ಅಮೆರಿಕದಲ್ಲಿ ಹ್ಯಾಂಗರುಗಳ ಅಗ್ನಿಸುರಕ್ಷೆಗೆ ಇರುವ ಎನ್‌ಎಫ್‌ಪಿಎ 409 ಮಾನದಂಡದಲ್ಲಿ ಬಾಗಿಲು 28 ಅಡಿ ಮೀರಿದರೆ, ಅಥವಾ ಒಂದೇ ಅಂಕಣ 40,000 ಚದರಡಿ ಮೀರಿದರೆ, ಆ ಕಟ್ಟಡ ಮೊದಲ ದರ್ಜೆಗೆ ಸೇರುತ್ತದೆ. ಅಲ್ಲಿಂದ ಬೆಂಕಿ ಆರಿಸುವ ವ್ಯವಸ್ಥೆಯ ಖರ್ಚು ಒಮ್ಮೆಲೇ ಮೇಲೇರುತ್ತದೆ. ಅಂದರೆ ಬಾಲಕ್ಕೂ ಮಿತಿಗೂ ನಡುವೆ ಉಳಿಯುವುದು ಮೂರೇ ಇಂಚು. ಬಾಗಿಲನ್ನು ಸರಿಯಾಗಿ 28 ಅಡಿಗೇ ನಿಲ್ಲಿಸಿ ಹಣ ಉಳಿಸೋಣ ಎನ್ನುವವರು ಮುಂಗಾಲಿನ ಸ್ಟ್ರಟ್, ಅಂದರೆ ಚಕ್ರದ ಮೇಲಿನ ಗಾಳಿ ತುಂಬಿದ ಕಂಬ, ಮರೆಯುತ್ತಾರೆ. ಮುಂದಿನ ಸ್ಟ್ರಟ್‌ನಲ್ಲಿ ಗಾಳಿ ಇಳಿದು ಮೂಗು ತುಸು ಬಗ್ಗಿದರೆ, ಅಷ್ಟುದ್ದದ ದೇಹದ ಇನ್ನೊಂದು ತುದಿಯಲ್ಲಿರುವ ಬಾಲ ಮೇಲೇಳುತ್ತದೆ, ಮೂರು ಇಂಚು ಎಲ್ಲಿಗೋ ಹೋಗುತ್ತದೆ. ತಗ್ಗಿನ ಬಾಗಿಲಲ್ಲಿ ಒಳಗೆ ತರಲೇಬೇಕಾದಾಗ ಮೂಗನ್ನು ಎತ್ತಿ ಬಾಲವನ್ನು ಇಳಿಸುವ ಉಪಾಯವೂ ಉಂಟು, ಆದರೆ ದಿನಾ ಮಾಡುವ ಕೆಲಸವಲ್ಲ ಅದು. ಮಾನದಂಡದ ಯಾವ ವರ್ಷದ ಆವೃತ್ತಿಯನ್ನು ಆ ನಗರ ಅಳವಡಿಸಿಕೊಂಡಿದೆ ಎಂದು ಅಗ್ನಿಶಾಮಕ ಅಧಿಕಾರಿಯನ್ನು ನಕ್ಷೆ ಬರೆಯುವ ಮೊದಲೇ ಕೇಳಿ. ಇತ್ತೀಚಿನ ಆವೃತ್ತಿಯಲ್ಲಿ ಬೆಂಕಿ ಆರಿಸುವ ನೊರೆಯ ಬದಲು ಬೇರೆ ದಾರಿಗಳಿಗೂ ಅವಕಾಶವಿದೆ. ನೊರೆಯ ವ್ಯವಸ್ಥೆ ಬೆಂಕಿಯಿಲ್ಲದೆ ತಪ್ಪಾಗಿ ಚಾಲೂ ಆಗಿ ಹ್ಯಾಂಗರಿಗೆ ಹ್ಯಾಂಗರೇ ನೊರೆಯಲ್ಲಿ ಮುಳುಗಿದ್ದು ಎಷ್ಟೋ ಕಡೆ ನಡೆದಿದೆ. ಹಳೆಯ ಬಗೆಯ ನೊರೆಯಲ್ಲಿನ ರಾಸಾಯನಿಕ ನೆಲಕ್ಕಿಳಿದರೆ ಸುತ್ತಲಿನವರ ಕುಡಿಯುವ ನೀರಿನ ಪ್ರಶ್ನೆಯಾಗುತ್ತದೆ.

ನೆಲದ ಬಗ್ಗೆಯೂ ಯೋಚಿಸಬೇಕು. ಬಿ-29ರ ಪ್ರತಿ ಎಂಜಿನ್‌ನ ಆಯಿಲ್ ಟ್ಯಾಂಕ್ 85 ಗ್ಯಾಲನ್, ಅಂದರೆ 320 ಲೀಟರ್. ಸಿಲಿಂಡರುಗಳನ್ನು ಸುತ್ತಲೂ ವೃತ್ತವಾಗಿ ಜೋಡಿಸಿದ ಇಂಥ ರೇಡಿಯಲ್ ಎಂಜಿನ್ ಸೋರುತ್ತದೆ. ಸೋರುವುದು ನಿಂತರೆ ಆಯಿಲ್ ಖಾಲಿಯಾಗಿದೆಯೇ ಎಂದು ನೋಡಬೇಕು. ಪ್ರತಿ ಎಂಜಿನ್ ಅಡಿಗೆ ತಟ್ಟೆ, ನೆಲದ ಮೋರಿಗೆ ಎಣ್ಣೆ–ನೀರು ಬೇರ್ಪಡಿಸುವ ತೊಟ್ಟಿ ಇರಲೇಬೇಕು. ಹೊರಗಿನ ಅಂಗಳದ ಡಾಂಬರು ಇನ್ನೊಂದು ಸಮಸ್ಯೆ. ಬಿ-17ರ ಹತ್ತಿಪ್ಪತ್ತು ಟನ್ ಭಾರವನ್ನು ಹೊರುವುದು ಎರಡು ಒಂಟಿ ಚಕ್ರಗಳು. ಸಣ್ಣ ವಿಮಾನಗಳಿಗೆಂದು ಹಾಸಿದ ಡಾಂಬರು ಟೆಕ್ಸಸ್‌ನ ಆಗಸ್ಟ್ ಬಿಸಿಲಿಗೆ ಮೆತ್ತಗಾಗಿ ಚಕ್ರ ಹೂತುಕೊಳ್ಳುತ್ತದೆ. ಚಕ್ರದಡಿ ಉಕ್ಕಿನ ಹಲಗೆ ಇಡುವುದು ತಾತ್ಕಾಲಿಕ ಪರಿಹಾರ. ಕಾಂಕ್ರೀಟ್ ಅಂಗಳ ಎಂದು ಗುತ್ತಿಗೆ ಪತ್ರದಲ್ಲೇ ಬರೆಸಿಕೊಳ್ಳುವುದು ಸರಿಯಾದ ಪರಿಹಾರ.

ಗುತ್ತಿಗೆ ಪತ್ರ ಎಂದ ಮೇಲೆ ಎರಡು ಮಾತು. ಕೇಂದ್ರ ಸರ್ಕಾರದ ಅನುದಾನ ಪಡೆದ ಅಮೆರಿಕದ ವಿಮಾನ ನಿಲ್ದಾಣ ತನ್ನ ಜಮೀನನ್ನು ಮಾರುಕಟ್ಟೆ ಬಾಡಿಗೆಗೇ ಕೊಡಬೇಕು. ಆದರೆ ಲಾಭರಹಿತ ವೈಮಾನಿಕ ಸಂಸ್ಥೆಗೆ, ಅದರಿಂದ ನಿಲ್ದಾಣಕ್ಕೆ ಅಥವಾ ವಿಮಾನಯಾನಕ್ಕೆ ಏನು ಪ್ರಯೋಜನ ಎಂದು ತೋರಿಸಿದರೆ, ಬಾಡಿಗೆ ಇಳಿಸಲು ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ ನೀತಿಯಲ್ಲಿ ದಾರಿಯಿದೆ. ಹಾಗಾಗಿ ಎಷ್ಟು ಶಾಲೆಗಳು ಬರುತ್ತವೆ, ಎಷ್ಟು ಮಂದಿಗೆ ತರಬೇತಿ ಎಂಬ ಲೆಕ್ಕವನ್ನು ಮೊದಲ ದಿನದಿಂದ ಬರೆದಿಡಬೇಕು. ಬಾಡಿಗೆ ನವೀಕರಣದ ಹೊತ್ತಿಗೆ ಅದೇ ಆಧಾರ. ಎರಡನೆಯದು, ಜಮೀನು ನಿಲ್ದಾಣದ್ದು, ಕಟ್ಟಡ ಸಂಸ್ಥೆಯದ್ದು ಎಂದಾದರೆ ಅವಧಿ ಮುಗಿದ ಮೇಲೆ ಕಟ್ಟಡವೂ ಸಾಮಾನ್ಯವಾಗಿ ನಿಲ್ದಾಣಕ್ಕೇ ಸೇರುತ್ತದೆ. ದಾನಿಗಳಿಗೆ ಈ ಮಾತನ್ನು ಹಣ ಕೇಳುವಾಗಲೇ ಹೇಳಬೇಕು.

ಹಾರಿ ಹೋಗುವವು, ಲಾರಿ ಏರುವವು

ಹಾರುವ ವಿಮಾನವನ್ನು ಸಾಗಿಸುವುದು ಸುಲಭ ಎಂದುಕೊಂಡರೆ ತಪ್ಪು. ಸ್ಥಳಾಂತರದ ಗಡಿಬಿಡಿಯಲ್ಲಿ ವಿಮಾನ ತಿಂಗಳುಗಟ್ಟಲೆ ನಿಂತಿರುತ್ತದೆ, ಆಮೇಲೆ ಒಂದು ದಿನ ಹೊರಡು ಎನ್ನುತ್ತಾರೆ. ನಿಂತ ರೇಡಿಯಲ್ ಎಂಜಿನ್‌ನಲ್ಲಿ ಆಯಿಲ್ ನಿಧಾನಕ್ಕೆ ಇಳಿದು ಕೆಳಗಿನ ಸಿಲಿಂಡರುಗಳ ಒಳಗೆ ತುಂಬಿಕೊಳ್ಳುತ್ತದೆ. ದ್ರವ ಕುಗ್ಗುವುದಿಲ್ಲ. ಆ ಸ್ಥಿತಿಯಲ್ಲಿ ಸ್ಟಾರ್ಟರ್ ಒತ್ತಿದರೆ ಪಿಸ್ಟನ್‌ಗೆ ದಾರಿಯಿಲ್ಲದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದೇ ಕ್ಷಣ ಮುರಿಯದೆ, ಕೆಲವು ಗಂಟೆ ಹಾರಿದ ಮೇಲೆ ಮುರಿಯುವುದು ಇನ್ನೂ ಕೆಟ್ಟದ್ದು. ಆದ್ದರಿಂದ ಸ್ವಿಚ್ಚುಗಳು ಆಫ್ ಇವೆ ಎಂದು ಖಾತ್ರಿಮಾಡಿಕೊಂಡು ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಬೇಕು. ಮೂರು ಬ್ಲೇಡಿನದಾದರೆ ಕನಿಷ್ಠ ಒಂಬತ್ತು ಬ್ಲೇಡ್ ಎಣಿಸಿ. ನಡುವೆ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು. ಹಿಂದಕ್ಕೆ ತಿರುಗಿಸಿ ಬಿಡಿಸಿಕೊಳ್ಳುವ ಆಸೆಯಂತೂ ಬೇಡ, ಆಗ ಆಯಿಲ್ ಗಾಳಿ ಎಳೆಯುವ ಪೈಪಿಗೆ ಹೋಗಿ ಕೂತು, ಎಂಜಿನ್ ಚಾಲೂ ಆದ ಕೂಡಲೇ ಮತ್ತೆ ಸಿಲಿಂಡರಿಗೆ ಬರುತ್ತದೆ. ಕೆಳಗಿನ ಸಿಲಿಂಡರುಗಳ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಯಿಲ್ ಇಳಿಯಲು ಬಿಟ್ಟು, ಒರೆಸಿ ಹಾಕುವುದೊಂದೇ ದಾರಿ.

ತಿಂಗಳಿಗಿಂತ ಹೆಚ್ಚು ನಿಲ್ಲುತ್ತದೆ ಎಂದು ಮೊದಲೇ ಗೊತ್ತಿದ್ದರೆ ಸಂರಕ್ಷಕ ಆಯಿಲ್ ಹಾಕಿ ಓಡಿಸಿ, ಮೇಲಿನ ಪ್ಲಗ್ ಜಾಗದಲ್ಲಿ ಸಿಲಿಕಾ ಜೆಲ್ ತುಂಬಿದ ಪಾರದರ್ಶಕ ಪ್ಲಗ್ ಕೂರಿಸುತ್ತಾರೆ. ನೀಲಿ ಇದ್ದ ಹರಳು ಗುಲಾಬಿಗೆ ತಿರುಗಿದರೆ ತೇವ ಹೀರಿದೆ ಎಂದರ್ಥ, ಬದಲಿಸಬೇಕು. ಸ್ಪಾರ್ಕ್ ಪ್ಲಗ್‌ಗಳ ಸಂಖ್ಯೆ ಕೇಳಿದರೆ ಕೆಲಸದ ಗಾತ್ರ ತಿಳಿಯುತ್ತದೆ. ಸಿಲಿಂಡರಿಗೆ ಎರಡರಂತೆ ಬಿ-17ಕ್ಕೆ 72, ಬಿ-24ಕ್ಕೆ 112, ಬಿ-29ಕ್ಕೆ 144. ಹೊರಡುವ ಮುನ್ನ ಪ್ರತಿಯೊಂದನ್ನೂ ಬಿಚ್ಚಿ ನೋಡಿದರೆ ಯಾವ ಸಿಲಿಂಡರ್ ಆಯಿಲ್ ಸುಡುತ್ತಿದೆ ಎಂಬ ವರದಿ ಕೈಗೆ ಸಿಗುತ್ತದೆ. ಸಾಗಣೆ ಹಗಲಲ್ಲೇ, ತಿಳಿ ಆಕಾಶದಲ್ಲೇ ಆಗಬೇಕು. ಜೊತೆಗೆ ಒಂದು ಸಿಲಿಂಡರ್, ಸ್ಪಾರ್ಕ್ ಪ್ಲಗ್‌ಗೆ ವಿದ್ಯುತ್ ಕೊಡುವ ಒಂದು ಮ್ಯಾಗ್ನೆಟೊ, ಒಂದು ಚಕ್ರದ ಟಯರ್, ಪ್ಲಗ್‌ಗಳ ಪೆಟ್ಟಿಗೆ ನೆಲದ ಮೇಲೆ ವ್ಯಾನಿನಲ್ಲಿ ಹಿಂಬಾಲಿಸಲಿ. ಹೊಸ ನಿಲ್ದಾಣದಲ್ಲಿ ನೂರು ಆಕ್ಟೇನ್ ಪೆಟ್ರೋಲ್ ಟ್ಯಾಂಕರ್ ಎಷ್ಟು ದೊಡ್ಡದು ಎಂದೂ ವಿಚಾರಿಸಿ. ಸಣ್ಣ ನಿಲ್ದಾಣದ ಟ್ಯಾಂಕರ್ ಒಂದು ಬಿ-29ಕ್ಕೇ ಬರಿದಾಗಬಹುದು. ಪ್ರಾಯೋಗಿಕ ವರ್ಗದ ಪ್ರಮಾಣಪತ್ರದಲ್ಲಿ ಹಾರುವ ವಿಮಾನಗಳಿಗೆ ನೆಲೆ ಬದಲಾದದ್ದನ್ನು ಆ ಭಾಗದ ಎಫ್‌ಎಎ ಕಚೇರಿಗೆ ಬರೆದು ತಿಳಿಸಿ, ವರ್ಷದ ಕಾರ್ಯಕ್ರಮ ಪತ್ರವನ್ನು ತಿದ್ದಿಸಬೇಕು. ಇದು ತಪ್ಪಿದರೆ ವಿಮಾನ ಚೆನ್ನಾಗಿದ್ದರೂ ಅಭ್ಯಾಸದ ಹಾರಾಟಕ್ಕೆ ಏಳುವಂತಿಲ್ಲ.

ಹಾರದವು ಲಾರಿ ಏರಬೇಕು. ಟೆಕ್ಸಸ್ ರಸ್ತೆಯಲ್ಲಿ ವಿಶೇಷ ಪರವಾನಗಿ ಇಲ್ಲದೆ ಹೊರೆಯ ಅಗಲ 8 ಅಡಿ 6 ಇಂಚು, ಎತ್ತರ 14 ಅಡಿ ಮೀರುವಂತಿಲ್ಲ. ರೆಕ್ಕೆಯ ಒಳಭಾಗ ಇದನ್ನು ಮೀರಿಯೇ ಮೀರುತ್ತದೆ. ರೆಕ್ಕೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸಾಗಿಸಲು ತೊಟ್ಟಿಲಿನಂಥ ಚೌಕಟ್ಟು ಮಾಡಿಸಬೇಕು, ಭಾರ ಬೀಳುವುದು ಅಡ್ಡಪಟ್ಟಿಗಳಿರುವ ಜಾಗದ ಮೇಲೇ ಹೊರತು ನಡುವಿನ ತೆಳು ಹಾಳೆಯ ಮೇಲಲ್ಲ. ಬಿ-17ರ ರೆಕ್ಕೆಗಳು ಸೇರುವುದು ಮೊನಚಾದ ಪಿನ್ನುಗಳಿಂದ. ಪ್ರತಿ ಪಿನ್ನು ತನ್ನ ತೂತಿಗೆ ಮಾತ್ರ ಹೊಂದುತ್ತದೆ, ಪಕ್ಕದ ತೂತಿಗಲ್ಲ. ಬಿಚ್ಚಿದ ಕೂಡಲೇ ಚೀಲಕ್ಕೆ ಹಾಕಿ, ಎಡ–ಬಲ, ಮುಂದೆ–ಹಿಂದೆ, ಮೇಲೆ–ಕೆಳಗೆ ಎಂದು ತಗಡಿನ ಚೀಟಿಯಲ್ಲಿ ಕೊರೆದು ಕಟ್ಟಿ. ಕಾಗದದ ಚೀಟಿ ಎಣ್ಣೆ ಕುಡಿದು ಓದಲಾಗದಂತಾಗುತ್ತದೆ. ಎಲ್ಲ ಪಿನ್ನುಗಳನ್ನೂ ಒಂದೇ ಡಬ್ಬಿಗೆ ಸುರಿದರೆ, ಜೋಡಿಸಲು ಕೂತಾಗ ಆ ಒಂದು ತಪ್ಪಿಗೆ ವಾರಗಳು ಹೋಗುತ್ತವೆ.

ಹಳೆಯ ಗಡಿಯಾರ, ಮೀಟರುಗಳ ಪೆಟ್ಟಿಗೆ ಮುಟ್ಟುವ ಮುನ್ನ ಎಚ್ಚರ. ಯುದ್ಧಕಾಲದ ಮೀಟರುಗಳಲ್ಲಿ ಕತ್ತಲಲ್ಲಿ ಹೊಳೆಯಲು ರೇಡಿಯಂ ಬಣ್ಣ ಬಳಿದಿರುತ್ತಿದ್ದರು. ಹೊಳಪು ಹೋಗಿ ಕಂದಾಗಿದ್ದರೂ ರೇಡಿಯಂ-226 ಅಲ್ಲೇ ಇದೆ. ಅದರ ಅರ್ಧಾಯುಷ್ಯ 1,600 ವರ್ಷ. ಗಾಜು ಒಡೆಯದಿದ್ದರೆ ತೊಂದರೆ ಕಡಿಮೆ, ಒಡೆದರೆ ಪುಡಿ ಉಸಿರಿಗೆ ಹೋಗುತ್ತದೆ. ಬಿಚ್ಚಬಾರದು, ಒರೆಸಬಾರದು, ಎಷ್ಟಿವೆ ಎಂದು ಎಣಿಸಿ ಪಟ್ಟಿ ಮಾಡಿ, ಬೇರೆ ಪೆಟ್ಟಿಗೆಯಲ್ಲಿ ಗುರುತು ಹಾಕಿ ಒಯ್ಯಬೇಕು.

ಮಿಡ್‌ಲ್ಯಾಂಡ್‌ನ ಸಂಗ್ರಹಾಲಯದಲ್ಲಿ ನೋಡಲೇಬೇಕಾದದ್ದೊಂದಿತ್ತು. ಯುದ್ಧ ಮುಗಿದ ಮೇಲೆ ಅರ್ಕನ್ಸಾದ ವಾಲ್ನಟ್ ರಿಡ್ಜ್‌ನಲ್ಲಿ ಗುಜರಿಗೆ ಹೋಗುತ್ತಿದ್ದ ಬಾಂಬರುಗಳ ಮೂಗಿನಿಂದ ಕತ್ತರಿಸಿ ಉಳಿಸಿಕೊಂಡ, ಸೈನಿಕರೇ ಬರೆಸಿದ ಚಿತ್ರಗಳ 30ಕ್ಕೂ ಹೆಚ್ಚು ಅಲ್ಯೂಮಿನಿಯಂ ಹಾಳೆಗಳು. ಇಂಥ ಹಾಳೆಯನ್ನು ಸಾಗಿಸುವಾಗ ಪ್ಲಾಸ್ಟಿಕ್ ನೇರವಾಗಿ ಸುತ್ತಬಾರದು, ಒಳಗೆ ಬೆವರಿ ಬಣ್ಣ ಏಳುತ್ತದೆ. ಮಲಗಿಸಲೂಬಾರದು. ಮೊದಲು ಕತ್ತಲ ಕೋಣೆಯಲ್ಲಿ ಬದಿಯಿಂದ ದೀಪ ಹಿಡಿದು ಫೋಟೊ ತೆಗೆದರೆ ಎದ್ದ ಬಣ್ಣದ ಪ್ರತಿ ಚಕ್ಕೆಗೂ ನೆರಳು ಬೀಳುತ್ತದೆ, ಹೋಗುವ ಮುಂಚೆ ಹೇಗಿತ್ತು ಎನ್ನುವುದಕ್ಕೆ ಸಾಕ್ಷಿ ಉಳಿಯುತ್ತದೆ. ಆಮೇಲೆ ಪೆಟ್ಟಿಗೆಯಲ್ಲಿ ನೇರ ನಿಲ್ಲಿಸಿ, ಚಿತ್ರವಿಲ್ಲದ ಅಂಚಿನಲ್ಲಿ ಮಾತ್ರ ಆಧಾರ ಕೊಡಬೇಕು. ಯೋಧರ ಮಾತುಗಳಿರುವ ಟೇಪುಗಳನ್ನು ಹೊರಡುವ ಮೊದಲೇ ಡಿಜಿಟಲ್ ಮಾಡಿಸಿ. ಹೋದ ಮೇಲೆ ಮಾಡಿಸೋಣ ಎಂದವರ ಪೆಟ್ಟಿಗೆಗಳು ಹೊಸ ಗೋದಾಮಿನಲ್ಲಿ ವರ್ಷಗಟ್ಟಲೆ ಮುಚ್ಚಿಯೇ ಇರುತ್ತವೆ.

ಕೈಗಳು

ಈಗ ಮೊದಲಿನ ಮಾತಿಗೆ. ಡಲ್ಲಾಸ್ ಆಯ್ಕೆಯಲ್ಲಿ ನನಗೆ ಸರಿಯೆನಿಸುವುದು ಜನಸಂಖ್ಯೆಗಿಂತ ಹೆಚ್ಚಾಗಿ ಇನ್ನೊಂದು ವಿಷಯ. ಈ ಸಂಸ್ಥೆಯ ವಿಮಾನಗಳು ಮುಖ್ಯ ಕಚೇರಿಯಲ್ಲಿ ಇರುವುದಿಲ್ಲ. ದೇಶದುದ್ದಕ್ಕೂ ಹರಡಿದ ಘಟಕಗಳಿಗೆ ಹಂಚಿಹೋಗಿವೆ. ಆಯಾ ಊರಿನ ಸ್ವಯಂಸೇವಕರೇ ಹಣ ಕೂಡಿಸಿ, ರಿಪೇರಿ ಮಾಡಿ, ಹಾರಿಸುತ್ತಾರೆ. ಬಿ-29 ‘ಫಿಫಿ’ಯನ್ನೇ ನೋಡಿ. 1971ರಲ್ಲಿ ಕ್ಯಾಲಿಫೋರ್ನಿಯಾದ ಚೈನಾ ಲೇಕ್ ಮರುಭೂಮಿಯಲ್ಲಿ ಗುರಿ ಅಭ್ಯಾಸಕ್ಕೆಂದು ಬಿಟ್ಟಿದ್ದ ವಿಮಾನವನ್ನು ಎಬ್ಬಿಸಿ ಹಾರ್ಲಿಂಗನ್‌ಗೆ ಹಾರಿಸಿಕೊಂಡು ಬಂದರು. 2006ರಲ್ಲಿ ಎಂಜಿನ್ ತೊಂದರೆಗೆ ನೆಲಕ್ಕೆ ಕೂತದ್ದು, ಆರ್-3350 ಎಂಜಿನ್‌ನ ಬೇರೆ ಬೇರೆ ಮಾದರಿಗಳನ್ನು ಬೆರೆಸಿ ಕಟ್ಟಿದ ಎಂಜಿನ್‌ಗಳೊಂದಿಗೆ 2010ರಲ್ಲಿ ಮತ್ತೆ ಎದ್ದಿತು. ಆಮೇಲೆ ಅದು ತಂಗಿದ್ದು ಡಲ್ಲಾಸ್ ಸುತ್ತಲಿನ ಅಡಿಸನ್, ಫೋರ್ಟ್‌ವರ್ತ್ ನಿಲ್ದಾಣಗಳಲ್ಲಿ. ಅಂದರೆ ಕಚೇರಿ ಡಲ್ಲಾಸ್‌ಗೆ ಬರುವ ಮುಂಚೆಯೇ ಆ ಎಂಜಿನ್ ಬಲ್ಲವರ ಗುಂಪು ಅಲ್ಲಿತ್ತು. ಕೈಗಳಿದ್ದಲ್ಲಿಗೆ ಕಚೇರಿ ಹೋಯಿತು.

ಇದಕ್ಕೆ ನಮ್ಮ ಬೆಂಗಳೂರಿನ ಉದಾಹರಣೆಯಿದೆ. ಯುದ್ಧ ಮುಗಿದಾಗ ಕಾನ್ಪುರದಲ್ಲಿ ಬ್ರಿಟಿಷರು ಬಿ-24 ಲಿಬರೇಟರ್ ಬಾಂಬರುಗಳನ್ನು ಮತ್ತೆ ಹಾರದಂತೆ ಕೆಡಿಸಿ ಬಿಟ್ಟುಹೋಗಿದ್ದರು. 1948ರಲ್ಲಿ ಅವನ್ನು ವಾಯುಪಡೆಗೆ ಬಳಸಬಹುದೇ ಎಂಬ ಪ್ರಶ್ನೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಗೆ ಬಂತು. ಕಂಪನಿಯ ತಂಡ ಅಲ್ಲಿ ಹೇಗೋ ಹಾರುವಷ್ಟು ಮಟ್ಟಿಗೆ ಸರಿಮಾಡಿತು, ಪರೀಕ್ಷಾ ಪೈಲಟ್ ಜಮ್ಷೆಡ್ ಮುನ್ಶಿ ಅವನ್ನು ಒಂದೊಂದಾಗಿ ಸುಮಾರು 1,500 ಕಿಲೋಮೀಟರ್ ದೂರದ ಬೆಂಗಳೂರಿಗೆ ಹಾರಿಸಿ ತಂದರು. ಅಂಥ 40ಕ್ಕೂ ಹೆಚ್ಚು ವಿಮಾನಗಳು ಇಲ್ಲಿ ಪೂರ್ತಿ ಬಿಚ್ಚಿ ಹೊಸದಾದವು. ಕಾನ್ಪುರದಲ್ಲೇ ಕಾರ್ಖಾನೆ ಹೂಡುವ ಬದಲು ಬೆಂಗಳೂರಿಗೆ ತಂದದ್ದಕ್ಕೆ ಅರ್ಥವಿದೆ. ಯುದ್ಧಕಾಲದಲ್ಲಿ ಇದೇ ಕಾರ್ಖಾನೆ ಅಮೆರಿಕ ವಾಯುಸೇನೆಯ 84ನೇ ಏರ್ ಡಿಪೊ ಆಗಿ ಅವರ ವಿಮಾನಗಳನ್ನು ರಿಪೇರಿ ಮಾಡುತ್ತಿತ್ತು, ಪಳಗಿದ ಕೈಗಳು ಇಲ್ಲಿದ್ದವು. ಆ ಲಿಬರೇಟರುಗಳು 1968ರವರೆಗೆ ಭಾರತೀಯ ವಾಯುಪಡೆಯಲ್ಲಿ ದುಡಿದವು. ಜಗತ್ತಿನಲ್ಲಿ ಇಂದು ಉಳಿದಿರುವ ಬೆರಳೆಣಿಕೆಯ ಲಿಬರೇಟರುಗಳಲ್ಲಿ ಹಲವು ಈ ಗುಂಪಿನವು. 1944ರಲ್ಲಿ ಡಲ್ಲಾಸ್ ಪಕ್ಕದ ಫೋರ್ಟ್‌ವರ್ತ್‌ನಲ್ಲೇ ತಯಾರಾಗಿ, ಭಾರತಕ್ಕೆ ಬಂದು, 1989ರಿಂದ ಅಮೆರಿಕದಲ್ಲಿ ಮತ್ತೆ ಹಾರಿದ ಕಾಲಿಂಗ್ಸ್ ಫೌಂಡೇಶನ್ನಿನ ಬಿ-24 ಅವುಗಳಲ್ಲೊಂದು. ಆ ಸುದ್ದಿ ಓದುವಾಗೆಲ್ಲ ನಮ್ಮೂರಿನ ಕೆಲಸಗಾರರ ನೆನಪಾಗಿ ಎದೆ ತುಂಬುತ್ತದೆ.

ಹಳೆಯ ಊರಿಗೆ ಆಗುವ ನಷ್ಟವನ್ನು ಹೋಟೆಲ್ ಕೋಣೆಗಳ ಲೆಕ್ಕದಲ್ಲಿ ಹೇಳುವುದು ರೂಢಿ. ಮಿಡ್‌ಲ್ಯಾಂಡ್‌ನಂಥ ತೈಲದ ಊರಿಗೆ ಆ ಹಣ ದೊಡ್ಡದಲ್ಲ. ದೊಡ್ಡದಾದದ್ದು ಬೇರೆ. ಆ ವಿಮಾನ ನಿಲ್ದಾಣದಲ್ಲೇ 1942ರಲ್ಲಿ ಬಾಂಬ್ ಗುರಿಗಾರರ ತರಬೇತಿ ಶಾಲೆ ಶುರುವಾದದ್ದು, ಸಾವಿರಾರು ತರುಣರು ಅಲ್ಲಿ ಕಲಿತು ಯುದ್ಧಕ್ಕೆ ಹೋದರು. ಊರಿನ ನೆನಪಿಗೂ ಸಂಗ್ರಹಾಲಯಕ್ಕೂ ಸಂಬಂಧವಿತ್ತು. ನಿವೃತ್ತ ಮೆಕ್ಯಾನಿಕ್ಕುಗಳಿಗೆ ಶನಿವಾರ ಬೆಳಿಗ್ಗೆ ಹೋಗಲು ಒಂದು ಜಾಗವಿತ್ತು. ಈ ಕಾರಣಕ್ಕೇ ಹೈ ಸ್ಕೈ ವಿಂಗ್ ಎಂಬ ಅಲ್ಲಿನ ಘಟಕ ಉಳಿದದ್ದು ದೊಡ್ಡ ವಿಷಯ. ಕಚೇರಿ ಹೋದರೂ ಹ್ಯಾಂಗರಿನ ಬಾಗಿಲು ತೆರೆದೇ ಇದೆ. ಊರು ಬಿಡುವ ಯಾವ ಸಂಸ್ಥೆಯಾದರೂ ಹಳೆಯ ಊರಿನಲ್ಲಿ ಹಾರುವ ಒಂದು ವಿಮಾನವನ್ನು, ಅದಕ್ಕೆ ಬೇಕಾದ ಉಪಕರಣಗಳ ಸಮೇತ, ಬಿಟ್ಟುಹೋಗಬೇಕು. ಪ್ರದರ್ಶನಕ್ಕೆ ನಿಲ್ಲಿಸಿದ ವಿಮಾನ ಸಾಲದು, ಅದನ್ನು ನೋಡಲು ಜನ ಬರುತ್ತಾರೆ, ದುಡಿಯಲು ಬರುವುದಿಲ್ಲ.

ಹೊಸ ಊರಿನ ಕಡೆಯ ಮಾತೂ ಇದೆ. ಡಲ್ಲಾಸ್ ಎಕ್ಸಿಕ್ಯುಟಿವ್ ನಗರದ ದಕ್ಷಿಣ ಭಾಗದಲ್ಲಿದೆ, ಸುತ್ತ ಮನೆಗಳು. ವಿಮಾನದ ಸದ್ದು ಅಲ್ಲಿನವರಿಗೆ ಹೊಸದಲ್ಲ, ಆದರೆ ರಿಪೇರಿಯ ನಂತರ ನೆಲದ ಮೇಲೆ ನಿಂತು ಅರ್ಧ ಗಂಟೆ ಓಡುವ ನಾಲ್ಕು ದೊಡ್ಡ ಎಂಜಿನ್‌ಗಳ ಸದ್ದು ಹೊಸದು. ಇದಕ್ಕೆ ಸಮಯ ನಿಗದಿ ಮಾಡಿ, ಭಾನುವಾರ ಬೆಳಿಗ್ಗೆ ಚರ್ಚಿನ ಹೊತ್ತು ಬಿಟ್ಟು, ಮನೆಗಳಿಗೆ ಬೆನ್ನು ಮಾಡಿ ವಿಮಾನ ನಿಲ್ಲಿಸುವ ಜಾಗ ಗುರುತಿಸಬೇಕು. ನೂರು ಆಕ್ಟೇನ್ ಪೆಟ್ರೋಲ್‌ನಲ್ಲಿ ಸೀಸವಿದೆಯೇ ಎಂದು ಕೇಳುವ ತಾಯಂದಿರಿಗೆ ಹಾರಿಕೆಯ ಉತ್ತರ ಕೊಡಬಾರದು. ಸೀಸವಿದೆ, 2030ರ ಕೊನೆಗೆ ಸೀಸರಹಿತ ಇಂಧನಕ್ಕೆ ಹೋಗುವ ಗುರಿ ಅಮೆರಿಕದ ವಿಮಾನಯಾನ ಇಲಾಖೆಗೂ ಉದ್ಯಮಕ್ಕೂ ಇದೆ, ಅಲ್ಲಿಯವರೆಗೆ ನಾವು ವರ್ಷಕ್ಕೆ ಇಷ್ಟು ಗಂಟೆ ಹಾರುತ್ತೇವೆ ಎಂದು ಸಂಖ್ಯೆ ಸಮೇತ ಹೇಳಬೇಕು. ನಗರಕ್ಕೆ ಸಿಕ್ಕ ಲಾಭವೂ ಇದೆ: 2021ರಲ್ಲಿ ಅಲ್ಲಿ ಹೆನ್ರಿ ಬಿ. ಟಿಪ್ಪೀ ಹೆಸರಿನ ವೈಮಾನಿಕ ಶಿಕ್ಷಣ ಕೇಂದ್ರ ತೆರೆಯಿತು.

2022ರ ನವೆಂಬರ್ 12ರಂದು ಅದೇ ನಿಲ್ದಾಣದ ಪ್ರದರ್ಶನದಲ್ಲಿ ಬಿ-17 ‘ಟೆಕ್ಸಸ್ ರೈಡರ್ಸ್’ ಮತ್ತು ಒಂದು ಪಿ-63 ಫೈಟರ್ ವಿಮಾನ ಆಕಾಶದಲ್ಲಿ ಡಿಕ್ಕಿಯಾದವು. ಆರು ಮಂದಿ ತೀರಿಕೊಂಡರು. ಅವಶೇಷಗಳು ಪಕ್ಕದ 67ನೇ ಹೆದ್ದಾರಿಯ ಮೇಲೂ ಬಿದ್ದವು. ನೆಲದ ಮೇಲಿದ್ದ ಯಾರಿಗೂ ಪೆಟ್ಟಾಗಲಿಲ್ಲ. ಫೈಟರ್ ವಿಮಾನಗಳಿಗೆ ಪ್ರೇಕ್ಷಕರಿಂದ 500 ಅಡಿಯ ಸಾಲು, ಬಾಂಬರುಗಳಿಗೆ 1,000 ಅಡಿಯ ಸಾಲು ಎಂದು ಹಾರಾಟದ ನಡುವೆ ಸೂಚನೆ ಹೋಗಿತ್ತು. ಯಾರು ಯಾವ ಎತ್ತರದಲ್ಲಿ ಇರಬೇಕು ಎಂಬುದನ್ನು ಮಾತ್ರ ನೆಲದ ಮೇಲಿದ್ದಾಗ ಮೊದಲೇ ಮಾತಾಡಿ ಗೊತ್ತುಮಾಡಿರಲಿಲ್ಲ. ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ 2024ರ ವರದಿಯಲ್ಲಿ ಕಾರಣ ಎಂದು ಹೇಳಿದ್ದು ಇದನ್ನೇ. ಜನ ಹೆಚ್ಚಿರುವ ಊರನ್ನು ಆರಿಸಿಕೊಂಡವರಿಗೆ ಈ ಹೊಣೆಯೂ ಜೊತೆಗೇ ಬರುತ್ತದೆ. ಎತ್ತರದ ಪಟ್ಟಿಯನ್ನು ಕಾಗದದ ಮೇಲೆ ಬರೆದು, ಪ್ರತಿ ಪೈಲಟ್ ಓದಿ ಸಹಿ ಹಾಕದೆ ಎಂಜಿನ್ ಚಾಲೂ ಮಾಡಬಾರದು.

ಪಳಗಿದ ಕೈಯ ಅರಿವನ್ನು ಹೊಸ ಊರಿಗೆ ದಾಟಿಸುವ ಕೆಲಸಕ್ಕೆ ಒಂದೂವರೆ ವರ್ಷ ಇಟ್ಟುಕೊಳ್ಳಿ. ಪ್ರತಿ ವಿಮಾನಕ್ಕೆ ಒಂದು ದಪ್ಪ ಪುಸ್ತಕ ತೆರೆದು, ಕೈಪಿಡಿಯಲ್ಲಿ ಇಲ್ಲದ್ದನ್ನು ಮಾತ್ರ ಬರೆಸಿ: ಮೂರನೇ ಎಂಜಿನ್ ಚಾಲೂ ಮಾಡುವ ಮುನ್ನ ಊಡುವ ಪೆಟ್ರೋಲ್ (ಪ್ರೈಮರ್) ಎಷ್ಟು, ಬ್ರೇಕಿನ ಎಣ್ಣೆ ಯಾವ ಜೋಡಣೆಯಲ್ಲಿ ಸೋರುತ್ತದೆ, ಬಾಂಬ್ ಬಾಗಿಲು ಮುಚ್ಚದಿದ್ದರೆ ಯಾವ ಸ್ವಿಚ್ ನೋಡಬೇಕು. ಉಪಕರಣಗಳ ಗೋಡೆಯ ಫೋಟೊ ತೆಗೆದು ಪ್ರತಿಯೊಂದಕ್ಕೂ ಅದು ಯಾವುದಕ್ಕೆ ಎಂದು ಬರೆಸಿ. ಸಿಲಿಂಡರ್ ಬುಡದ ನಟ್ಟಿಗೆ ಬಾಗಿಸಿ ಮಾಡಿಕೊಂಡ ಸ್ಪ್ಯಾನರ್ ಅಂಗಡಿಯಲ್ಲಿ ಸಿಗುವುದಿಲ್ಲ, ನೋಡಿದವರಿಗೆ ಗುಜರಿಯಂತೆ ಕಾಣುತ್ತದೆ, ಸಾಗಣೆಯಲ್ಲಿ ಮೊದಲು ಕಳೆದುಹೋಗುವುದು ಅದೇ. ಹೊಸ ಊರಿನ ಆರು ಮಂದಿಯನ್ನು ಹಳೆಯ ಊರಿಗೆ ಕಳಿಸಿ, ಒಂದು ವಾರ್ಷಿಕ ತಪಾಸಣೆಯನ್ನು ಹಿರಿಯರ ಜೊತೆ ಮೊದಲಿಂದ ಕೊನೆಯವರೆಗೆ ಮಾಡಿಸಿ. ಮುಂದಿನ ವರ್ಷದ ತಪಾಸಣೆ ಹೊಸ ಹ್ಯಾಂಗರಿನಲ್ಲಿ, ಹಿರಿಯರು ಕುರ್ಚಿಯಲ್ಲಿ ಕೂತು ನೋಡುವವರು. ಅವರ ಹೋಗಿಬರುವ ಖರ್ಚು, ಎರಡು ವಾರದ ಊಟ–ವಸತಿ ಸ್ಥಳಾಂತರದ ಬಜೆಟ್‌ನಲ್ಲೇ ಇರಲಿ. ಹೊಸಬರಿಗೆ ಮೊದಲ ದಿನ ಕೊಡುವ ಕೆಲಸ ವಿಮಾನದ ಹೊಟ್ಟೆಯ ಎಣ್ಣೆ ಒರೆಸುವುದು. ಒರೆಸುತ್ತಾ ಹೋದಂತೆ ಎಣ್ಣೆ ಎಲ್ಲಿಂದ ಬರುತ್ತಿದೆ ಎಂದು ಅವರೇ ಕೇಳಲು ಶುರುಮಾಡುತ್ತಾರೆ.